ಬಚ್ಚಲಿನ ಎರಡು ಚೇಳು

ಪ್ರೀತಿಯ ಅತ್ತಿಗೆ,

ಇಲ್ಲಿ ಚೇಳುಗಳ ಜಾತಿ ಗುರುತಿಸುವ ಕೆಲಸಕ್ಕೆ ಸೇರಿದೆನಲ್ಲ, ಮೊದಲ ಪರೀಕ್ಷೆ ಬಾಡಿಗೆಮನೆಯ ಬಚ್ಚಲಲ್ಲೇ ಆಗಿಹೋಯಿತು. ಬೆಳಿಗ್ಗೆ ಅಲ್ಲಿ ಎರಡು ಚೇಳು. ಒಂದು ಅಂಗೈಯಗಲದ ಕರಿಯದು. ಏಡಿಯಂಥ ದಪ್ಪ ಇಕ್ಕಳ, ದಾರದಂಥ ಬಾಲ. ಇನ್ನೊಂದು ಬೆರಳುದ್ದದ ಕೆಂಪನೆಯದು. ಇಕ್ಕಳ ಕಡ್ಡಿಯಂತೆ, ಬಾಲ ಮಾತ್ರ ದಪ್ಪ. ಮನೆಯ ಯಜಮಾನರು ಕರಿಯದಕ್ಕೆ ಪೊರಕೆ ತೋರಿಸುತ್ತಾ, "ಯಾರೂ ಹತ್ರ ಬರಬೇಡಿ, ನಾನಿದೀನಿ!" ಎಂದು ಅಬ್ಬರಿಸಿ, ಬರಿಗಾಲಲ್ಲಿ ಕೆಂಪನೆಯದರ ಕಡೆಗೇ ಹಿಂದೆ ಹಿಂದೆ ಸರಿಯುತ್ತಿದ್ದರು.

"ಸಾರ್, ಅದು ಬರೀ ಜಂಬದ್ದು! ವಿಷ ಇರೋದು ನಿಮ್ಮ ಹಿಂದಿರೋ ಪುಟ್ಟದ್ರಲ್ಲಿ!" ಎಂದು ಕಿರುಚಿದೆ. ಇಕ್ಕಳ ಗಟ್ಟಿಯಿದ್ದರೆ ಸಾಮಾನ್ಯವಾಗಿ ವಿಷ ಕಡಿಮೆ, ಅದೇ ನಮ್ಮ ಮೊದಲ ಪಾಠ. ಅಷ್ಟರಲ್ಲಿ ಅವರ ಹೆಂಡತಿ ತುಟಿ ಪಿಟಕ್ಕೆನ್ನದೆ ಬಂದು ಪುಟ್ಟದರ ಮೇಲೆ ಲೋಟ ಬೋರಲು ಹಾಕಿದರು.

ನಾನು ಆರೋಗ್ಯ. ಚಪ್ಪಲಿ ಕೊಡವಿಯೇ ಮೆಟ್ಟುತ್ತೇನೆ.

ನೀವು ನಮ್ಮ ಮನೆಗೆ ಹೊಸಬರು, ಅದಕ್ಕೇ ಹೇಳುತ್ತಿದ್ದೇನೆ: ಅಪ್ಪ ಗುಡುಗಿದರೆ ಹೆದರಬೇಡಿ, ಅಮ್ಮ ಮಾತು ನಿಲ್ಲಿಸಿದರೆ ಹುಷಾರು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ನಾದಿನಿ

ಅಮ್ಮಾ, ಅತ್ತಿಗೆಯ ಕಾರ್ಡನ್ನೂ ಮೊದಲು ಓದೋಳು ನೀನೇ ಅಂತ ಗೊತ್ತು. ಮೇಲೆ ಬರೆದಿರೋದೆಲ್ಲ ಬರೀ ಚೇಳಿನ ಸಮಾಚಾರ.