ಉಳಿದ ಒಂದೇ ಮಾತು

೧೧ ಜನವರಿ ೨೦೦೪, ಭಾನುವಾರ

ಬೆಳಿಗ್ಗೆ ವಾಕಿಂಗ್, ಲೈಬ್ರರಿ, ಆಮೇಲೆ ಹಿದಾಯತ್ ಉಲ್ಲಾ ಮನೆ. ಅವನಿಗೆ ಸ್ಟ್ರೋಕ್ ಆದಾಗಿನಿಂದ ಇದೇ. ಹಳೆಯ ಸ್ನೇಹಿತ, ಅರಿಶಿನ ವ್ಯಾಪಾರಿ, ಮೂಟೆ ಹೊರುವವರನ್ನೂ ಬಹುವಚನದಲ್ಲಿ ಕರೆಯುತ್ತಿದ್ದವನು. ಈಗ ಬಾಯಲ್ಲಿ ಉಳಿದಿರುವುದು ಒಂದೇ ಮಾತು, ಅದೂ ಬೈಗುಳ — 'ಬಡ್ಡೈದ'. ನೀರು ಬೇಕಾದರೂ ಅದೇ, ಹೆಂಡತಿ ರಹಮತ್ ಬಿಯನ್ನು ಕರೆಯಲೂ ಅದೇ.

ಯಾರೋ ಡಾಕ್ಟರು ಮಗ ನಿಯಾಜ್‌ಗೆ ಹೇಳಿದರಂತೆ: ನಿಮ್ಮ ತಂದೆಗೆ ಬುದ್ಧಿ ಹೋಗಿದೆ. ಮೈ ಉರಿಯಿತು. ಪ್ಯಾರಿಸ್ಸಿನಲ್ಲಿ ಬ್ರೋಕಾ ೧೮೬೧ರಲ್ಲೇ ತೋರಿಸಿದ್ದ. ಅವನ ರೋಗಿಗೆ 'ಟಾನ್' ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಬೇರೆಯವರು ಹೇಳಿದ್ದು ತಿಳಿಯುತ್ತಿತ್ತು. ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದಲ್ಲಿ, ಮುಂದುಗಡೆ ಗಾಯ. ಮಾತು ಹೋದರೆ ಬುದ್ಧಿ ಹೋದಂತಲ್ಲ. ಚಾಮರಾಜನಗರಕ್ಕೆ ರೈಲು ಬಂದು ಎಷ್ಟೋ ಕಾಲವಾಯಿತು. ಈ ಸುದ್ದಿ ಇನ್ನೂ ಬಂದಿಲ್ಲ!

೧೫ ಜನವರಿ

ಹಿದಾಯತ್ ಮಗಳು ಫರಹತ್‌ಗೆ ಗುಂಡ್ಲುಪೇಟೆಯಿಂದ ಸಂಬಂಧ. "ತಂದೆಗೆ ಹುಚ್ಚಂತೆ?" ಎಂದು ಅವರು ಆಗಲೇ ವಿಚಾರಿಸಿದ್ದಾರೆ. ಭಾನುವಾರ ಅವರು ಹೆಣ್ಣು ನೋಡಲು ಬಂದಾಗ ಅಪ್ಪನನ್ನು ಹಿಂದಿನ ರೂಮಿನಲ್ಲಿ ಇಟ್ಟುಬಿಡುವ ಯೋಚನೆ ನಿಯಾಜ್‌ದು.

"ಏನ್ಲಾ, ಎತ್ತಪ್ಪನ್ನ ಕೂಡಾಕ್ತೀಯಾ?" ಎಂದೆ.

"ಬಂದೋರ್ನ ಬಡ್ಡೈದ ಅಂದ್ಬುಟ್ರೆ ನೀವು ಸಮಾಧಾನ ಮಾಡೀರಾ, ಮೇಷ್ಟ್ರೇ?"

"ಮಾಡ್ತೀನಿ ಕಣ್ಲಾ."

೧೮ ಜನವರಿ, ಸಂಜೆ ೬

ನಡುಮನೆಯಲ್ಲೇ ಕೂರಿಸಿದೆವು. ಹುಡುಗನ ತಂದೆ ಒಳಗೆ ಕಾಲಿಟ್ಟಿದ್ದೇ ತಡ, ಹಿದಾಯತ್ ಸ್ವಾಧೀನದಲ್ಲಿದ್ದ ಎಡಗೈ ಎತ್ತಿ — "ಬಡ್ಡೈದ! ಬಡ್ಡೈದ!" ಟೀ ಚೆಲ್ಲಿತು. ರಹಮತ್ ಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಎದ್ದು ನಿಂತೆ. ಬ್ರೋಕಾನ ಕಥೆ ಹೇಳಿದೆ. ಲಂಡನ್ನಿನ ಜಾಕ್ಸನ್ ಗಮನಿಸಿದ್ದನ್ನೂ ಹೇಳಿದೆ — ಮಾತು ಸತ್ತರೂ ಬೈಗುಳ ಉಳಿಯುವುದುಂಟು. "ಅದು ಬಿಕ್ಕಳಿಕೆ ಇದ್ದಂಗೆ ಸಾಹೇಬ್ರೇ. ಅರ್ಥ ಇಲ್ಲ. ನಿಮ್ಮನ್ನ ಬೈತಾ ಇಲ್ಲ."

ಹುಡುಗನ ತಂದೆ ಬಿಳಿ ಗಡ್ಡ ನೀವಿಕೊಂಡು ನಕ್ಕರು. "ಬುಡಿ ಮೇಷ್ಟ್ರೇ, ನಮ್ಮನೇಲೂ ಬೈಯೋರವ್ರೆ. ಅವ್ರಿಗೆ ಯಾವ ಕಾಯ್ಲೇನೂ ಇಲ್ಲ!"

ಎಲ್ಲರೂ ನಕ್ಕರು. ಬಕ್ರೀದ್ ಆದ ವಾರಕ್ಕೆ ನಿಕಾಹ್. ಹಿದಾಯತ್ ಗೋಡೆಗೆ ಮುಖ ತಿರುಗಿಸಿದ. ಸುಸ್ತಾಗಿರಬೇಕು... ವಿಜ್ಞಾನ ಒಂದು ಮನೆಯ ಮಾನ ಉಳಿಸಿತು.

೨೭ ಜನವರಿ

ಹಿದಾಯತ್ ಊಟ ಬಿಟ್ಟಿದ್ದಾನೆ. ನಾನು ಹೋದರೆ ಕಣ್ಣು ಮುಚ್ಚುತ್ತಾನೆ.

ಗೇಟಿನವರೆಗೂ ಫರಹತ್ ಬಂದಳು. "ಮೇಷ್ಟ್ರೇ, ಅವತ್ತಿಂದು ಬರೀ ಕಾಯ್ಲೇನಾ? ನನ್ನ ಕರೆಯೋವಾಗ ಅಬ್ಬಂಗೆ ಅದೇ ಮಾತು ಮೆತ್ತಗೆ ಬತ್ತದೆ."

ಗುಂಡ್ಲುಪೇಟೆಯ ಆ ಮನೆಯನ್ನೊಮ್ಮೆ ನೋಡಿಬರಬೇಕು.

೨೯ ಜನವರಿ

ಗುಂಡ್ಲುಪೇಟೆಗೆ ಹೋಗಿಬಂದೆ. ಹುಡುಗನ ಮನೆಯವರದು ಅರಿಶಿನ ಪುಡಿಯ ಅಂಗಡಿ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗಲ್ಲಾದ ಹಿಂದೆ ಹುಡುಗನ ತಂದೆಯ ಹಳೆಯ ಫೋಟೊ, ಗಡ್ಡವಿಲ್ಲದ್ದು.

ಆ ಮುಖ! ಎಂಬತ್ತೊಂಬತ್ತರ ಸುಗ್ಗಿಯಲ್ಲಿ ಇವನೇ ಬಣ್ಣ ಬೆರೆಸಿದ ಪುಡಿಯ ಮೂಟೆ ತಂದಿದ್ದು. ಹಿದಾಯತ್ ಅದನ್ನು ರಸ್ತೆಗೆ ಸುರಿದ. "ತಿನ್ನೋ ವಸ್ತುಗೆ ವಿಷ ಆಕ್ತೀಯೇನ್ಲಾ ಬಡ್ಡೈದ! ನಿನ್ ಮನೆ ನೀರೂ ಬ್ಯಾಡ ನಂಗೆ." ಆರೋಗ್ಯವಾಗಿದ್ದಾಗ ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ನಾನು ಪಕ್ಕದಲ್ಲೇ ನಿಂತಿದ್ದೆ.

೧೮೬೧ ನೆನಪಿತ್ತು ನನಗೆ.

೩೦ ಜನವರಿ

ಮಂಚದ ಪಕ್ಕ ಕೂತು ಕೇಳಿದೆ: "ಹಿದಾಯತ್, ಆ ಮನೆ ಬೇಡ ಅಂತ ತಾನೆ ನೀನು ಹೇಳಿದ್ದು?"

ಮುಚ್ಚಿದ್ದ ಕಣ್ಣು ತೆರೆದ. ಕಣ್ಣು ತುಂಬಿತು. ಎಡಗೈಯಿಂದ ನನ್ನ ಕೈ ಹಿಡಿದು, ಮೆತ್ತಗೆ — "ಬಡ್ಡೈದ."

ಅಷ್ಟರಲ್ಲಿ ನಿಯಾಜ್ ಬಂದ, ಲಗ್ನಪತ್ರಿಕೆಯ ಕಟ್ಟು ಹಿಡಿದು. "ಕೇಳ್ಲಾ ನಿಯಾಜ್, ನಿಮ್ಮಪ್ಪ..." ಎಂದೆ.

"ಅದುಕ್ಕೆ ಅರ್ಥ ಇಲ್ಲ ಬುಡಿ ಮೇಷ್ಟ್ರೇ. ನೀವೇ ಹೇಳುದ್ರಲ್ಲ."

ಅರ್ಥವಿದೆ ಎಂದು ಇನ್ನು ಯಾವ ಬಾಯಲ್ಲಿ —