ಆ ಚಿತ್ರದಲ್ಲಿ ಹಿಂದೆ ನಿಂತಿರುವ ಕಾರು ನಮ್ಮದು

ಮಾನ್ಯ ಪ್ರವಾಸ ಪ್ರಚಾರಾಧಿಕಾರಿಗಳೇ,

ಗ್ಲಾಸ್ಗೋ ರೈಲು ನಿಲ್ದಾಣದಿಂದ ಹಿಡಿದು ನಮ್ಮ ಹಡಗುಕಟ್ಟೆಯ ಟಿಕೆಟ್ ಕಿಟಕಿಯವರೆಗೆ ನೀವು ಅಂಟಿಸಿರುವ ಭಿತ್ತಿಚಿತ್ರದಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಗುತ್ತಿರುವ ಮುದುಕ ನನ್ನ ಗಂಡ ಲಾಕ್ಲನ್. ಅದನ್ನು ಕಿತ್ತು ಹಾಕಿಸಿ. ಇವತ್ತೇ ಹಾಕಿಸಿ. ಅವನ ನಗುವಿನ ಕೆಳಗೆ ದಪ್ಪ ಅಕ್ಷರದಲ್ಲಿ "ಒಂದೇ ದಿನದಲ್ಲಿ ಇಡೀ ದ್ವೀಪ ಕಾರಿನಲ್ಲಿ ಸುತ್ತಿ! ಚಂದ ಕಂಡಲ್ಲಿ ನಿಲ್ಲಿಸಿ!" ಎಂದು ಬರೆಸಿದ್ದೀರಲ್ಲ, ಎಲ್ಲಿ ನಿಲ್ಲಿಸಬೇಕು ಸ್ವಾಮಿ? ನಮ್ಮ ದ್ವೀಪದಲ್ಲಿ ಚಂದ ಕಾಣದ ಜಾಗ ಯಾವುದಿದೆ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಒಂದೇ ಒಂದು ಕಾರು ಹಿಡಿಸುವಷ್ಟು ರಸ್ತೆ. ನಿಮ್ಮ ಮಾತು ಕೇಳಿದವರು ಆ ರಸ್ತೆಯಲ್ಲೇ ನಿಲ್ಲಿಸುತ್ತಾರೆ.

ಕಚೇರಿಯಲ್ಲಿ ಕೂತು ನಕ್ಷೆ ನೋಡುವ ತಮಗೆ ಗೊತ್ತಿರಲಿಕ್ಕಿಲ್ಲ. ಆ ರಸ್ತೆಯ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಫಲಕ ನೆಟ್ಟು ಸ್ವಲ್ಪ ಅಗಲ ಮಾಡಿರುವುದು ನಿಂತು ಫೋಟೋ ತೆಗೆಯುವುದಕ್ಕಲ್ಲ, ಎದುರು ಬಂದವರಿಗೆ, ಹಿಂದೆ ಬಂದವರಿಗೆ ದಾರಿ ಬಿಡುವುದಕ್ಕೆ. ನಾವು ಆ ಜಾಗಕ್ಕೆ ಸರಿದುಕೊಳ್ಳುತ್ತೇವೆ, ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತೇವೆ, ಹೋಗುವವರೂ ಬೆರಳು ಎತ್ತುತ್ತಾರೆ. ಬೇಲಿಗಾಗಿ ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಬೆರಳು ಮಾತ್ರ ಎತ್ತುತ್ತಾರೆ. ಈ ರಸ್ತೆಯ ಒಂದು ತುದಿಯಲ್ಲಿ ನಮ್ಮ ಮನೆ, ಇನ್ನೊಂದು ತುದಿಯಲ್ಲಿ ಹಡಗುಕಟ್ಟೆ. ಹೆಲಿಕಾಪ್ಟರ್ ಇಳಿಯುವ ಬಯಲೂ ಅಲ್ಲೇ. ಆಸ್ಪತ್ರೆ ಇರುವುದು ನೀರಿನ ಆಚೆ. ನಡುವೆ ನಿಮ್ಮ ಹದಿನೈದು "ನೋಟದ ತಾಣಗಳು". ದಾರಿ ಬಿಡುವ ಜಾಗಗಳಿಗೆ ನಿಮ್ಮ ನಕ್ಷೆಯಲ್ಲಿ ಇಟ್ಟಿರುವ ಹೊಸ ಹೆಸರು ಅದು.

ಈಗ ಆ ಫೋಟೋದ ಕಥೆ ಕೇಳಿ. ನಮ್ಮ ಮಗಳು ಊನಾ ಬಸುರಿ. ಅಳಿಯ ಮೀನಿನ ದೋಣಿಯಲ್ಲಿ ವಾರಗಟ್ಟಲೆ ಹೊರಗಿರುತ್ತಾನಾದ್ದರಿಂದ ನಮ್ಮ ಜೊತೆಗೇ ಇದ್ದಾಳೆ. ಮೇ ತಿಂಗಳ ಒಂದು ಬೆಳಿಗ್ಗೆ ಗಂಜಿ ಕಾಯಿಸುತ್ತಾ ನಿಂತವಳು "ಅಮ್ಮಾ" ಎಂದು ಒಲೆಯ ಸರಳು ಹಿಡಿದುಕೊಂಡಳು. ನೋಡಿದರೆ ಕಾಲಗುಂಟ ರಕ್ತ. ದ್ವೀಪದ ದಾದಿಗೆ ಫೋನ್ ಮಾಡಿದೆ. "ತಡ ಮಾಡಬೇಡಿ, ಕಟ್ಟೆಗೆ ಕರ್ಕೊಂಡ್ ಬನ್ನಿ, ನಾನು ಹಡಗು ಹಿಡಿದು ನಿಲ್ಲಿಸ್ತೀನಿ" ಎಂದಳು. ಹಿಂದಿನ ಸೀಟಿನಲ್ಲಿ ಮಗಳನ್ನು ಮಲಗಿಸಿ, ಅವಳ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ಲಾಕ್ಲನ್ ಕಾರು ಹೊರಡಿಸಿದ.

ಬಂಡೆಯ ತಿರುವು ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಊಟದ ಮೇಜು! ಮೇಜಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸೂಪು. ದಾರಿ ಬಿಡುವ ಜಾಗದಲ್ಲಿ ಮನೆಯಷ್ಟು ದೊಡ್ಡ ವ್ಯಾನು, ಅದರ ಅರ್ಧ ಹಿಂಭಾಗ ರಸ್ತೆಯ ಮೇಲೆ. ಗಂಡಹೆಂಡತಿ ಕುರ್ಚಿ ಹಾಕಿಕೊಂಡು ಸಮುದ್ರ ನೋಡುತ್ತಿದ್ದಾರೆ. ನಮ್ಮನ್ನು ಕಂಡು ಸಂತೋಷದಿಂದ ಕೈ ಬೀಸಿದರು.

ಬೇರೆ ಊರಿನವರಾಗಿದ್ದರೆ ಹಾರ್ನ್ ಹೊಡೆಯುತ್ತಿದ್ದರು. ನಮ್ಮಲ್ಲಿ ಹಾರ್ನ್ ಹೊಡೆಯುವುದೆಂದರೆ ಎದುರಿನವರ ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈದದ್ದಕ್ಕಿಂತ ಕಡೆ. ಅಷ್ಟೇ ಅಲ್ಲ, ಅಪರಿಚಿತರ ಹತ್ತಿರ ಹೋದ ಕೂಡಲೇ ನಮ್ಮ ಕೆಲಸ ಹೇಳುವುದೂ ಮರ್ಯಾದೆಯಲ್ಲ. ಮೊದಲು ಹವೆ ವಿಚಾರಿಸಬೇಕು, ಆಮೇಲೆ ಯಾವೂರು, ಆಮೇಲೆ ಪ್ರಯಾಣ ಹೇಗಾಯಿತು, ಅನಂತರವೇ ಬಂದ ವಿಷಯ. ನನ್ನ ಗಂಡ ಟೋಪಿ ತೆಗೆದು ಕೆಳಗಿಳಿದ.

"ಮಳೆ ನಿಂತಿದ್ದು ಒಳ್ಳೇದಾಯ್ತು ನೋಡಿ" ಎನ್ನುವುದು ಕೇಳಿಸಿತು. "ನಿಮ್ಮ ಕಡೆ ಹೇಗೆ?"

ಅವರ ಕಡೆ ಚೆನ್ನಾಗಿತ್ತಂತೆ. ತಮ್ಮ ನಾಯಿಯ ಹೆಸರು ಹೇಳಿದರು. ಸೂಪು ಕುಡಿಯುತ್ತೀರಾ ಎಂದರು.

"ಅಮ್ಮಾ, ಅಪ್ಪ ಏನ್ ಮಾತಾಡ್ತಿದ್ದಾನೆ?" ಊನಾ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮಳೆ ವಿಷಯ."

"ಇನ್ನೂ ಮಳೆಯಲ್ಲೇ ಇದ್ದಾನಾ?" ಎಂದು ನಗಲು ಹೋಗಿ ಹಲ್ಲು ಕಚ್ಚಿದಳು. ನಾನು ಸೀಟುಗಳ ನಡುವಿನಿಂದ ಹಾರ್ನಿಗೆ ಕೈ ಚಾಚಿದೆ. ನನ್ನ ಮಗಳು, ನನ್ನ ತೊಡೆಯ ಮೇಲೆ ರಕ್ತ ಹರಿಸುತ್ತಾ ಮಲಗಿದ್ದ ಮಗಳು, ನನ್ನ ತೋಳು ಹಿಡಿದು "ಬೇಡಮ್ಮಾ, ಅಪ್ಪಂಗೆ ಅವಮಾನ ಆಗುತ್ತೆ" ಎಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಇಂಥ ಜನ ನಾವು, ಮಾನ್ಯರೇ. ನಗುತ್ತೀರಾ? ನಗಿ.

ಕೊನೆಗೂ ಲಾಕ್ಲನ್ ವಿಷಯಕ್ಕೆ ಬಂದ. "ನಿಮಗೆ ತೊಂದ್ರೆ ಇಲ್ಲ ಅಂದ್ರೆ... ನಮಗೆ ಸ್ವಲ್ಪ ಅವಸರ ಇತ್ತು." ಈ ದ್ವೀಪದಲ್ಲಿ ಯಾರಾದರೂ "ಸ್ವಲ್ಪ ಅವಸರ" ಎಂದರೆ ಕೇಳಿದವನು ಎದ್ದುಬಿದ್ದು ಓಡಿ ದಾರಿ ಬಿಡುತ್ತಾನೆ. ಅವರಿಗೇನು ಗೊತ್ತು ಪಾಪ? "ಓಹೋ, ಖಂಡಿತ! ಸೂಪು ಮುಗಿಸಿ ಹೊರಟೇಬಿಡ್ತೀವಿ" ಎಂದರು. ಆ ಹೆಂಗಸು "ಹಾಗೇ ನಿಂತ್ಕೊಳ್ಳಿ, ಒಂದು ಫೋಟೋ" ಎಂದಳು. ನನ್ನ ಗಂಡ ನಿಂತ. ನಕ್ಕ. ಅತಿಥಿ ಕೇಳಿದರೆ ಇಲ್ಲವೆನ್ನುವುದು ಹೇಗೆ?

ನಾವು ಕಟ್ಟೆ ಮುಟ್ಟುವಾಗ ಹಡಗು ಕಾದು ಕಾದು ಹೋಗಿತ್ತು. ಮಂಜು ಇಳಿದಿದ್ದರಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಮಂಜು ಸರಿದು ಅದು ಬರುವವರೆಗೆ ಕಟ್ಟೆಯ ಟಿಕೆಟ್ ಕೋಣೆಯಲ್ಲಿ ದಾದಿ ಊನಾಳ ಕಾಲು ಎತ್ತಿ ಹಿಡಿದು ಕೂತಿದ್ದಳು, ನಾನು ಮಗಳ ಕೆನ್ನೆ ತಟ್ಟುತ್ತಿದ್ದೆ. ಲಾಕ್ಲನ್ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಮಗು ಉಳಿಯಿತು, ಮಗಳೂ ಉಳಿದಳು. ಆದರೆ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ: ಮಗುವಿನ ಮಾಸು ಕೆಳಗೆ, ಗರ್ಭದ ಬಾಯಿಗೆ ಅಡ್ಡ ಕೂತಿದೆ, ಇನ್ನೊಮ್ಮೆ ಹೀಗಾಗಿ ಇಷ್ಟು ತಡವಾಗಿ ಬಂದರೆ ಇಬ್ಬರೂ ಕೈಗೆ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಎರಡು ವಾರಕ್ಕೆ ಮಾತ್ರ ಹಾಸಿಗೆ. ಅಲ್ಲಿಯವರೆಗೆ ಆಚೆ ದಡದ ಊರಿನಲ್ಲಿ ಕೋಣೆ ಹಿಡಿಯೋಣವೆಂದು ಮನೆಮನೆಗೆ ಫೋನ್ ಮಾಡಿದೆ. ಬೇಸಿಗೆ ಮುಗಿಯುವವರೆಗೆ ಒಂದೂ ಖಾಲಿಯಿಲ್ಲ. ಎಲ್ಲ ನಿಮ್ಮ ಪ್ರವಾಸಿಗರು. ಹೆರಿಗೆ ಆಗಸ್ಟ್‌ನಲ್ಲಿ. ಆಗಸ್ಟ್‌ನಲ್ಲಿ ನಮ್ಮ ರಸ್ತೆ ಹೇಗಿರುತ್ತದೆಂದು ಒಮ್ಮೆ ಬಂದು ನೋಡಿದ್ದೀರಾ?

ಆ ಫೋಟೋವನ್ನು ಆಕೆ ನಿಮ್ಮ "ದ್ವೀಪದ ನಗು" ಸ್ಪರ್ಧೆಗೆ ಕಳಿಸಿದಳು, ನೀವು ಮೊದಲ ಬಹುಮಾನ ಕೊಟ್ಟಿರಿ. ಆಕೆಯ ಮೇಲೆ ನನಗೆ ಕೋಪವಿಲ್ಲ. ನಿಲ್ಲಿಸಿ ಎಂದು ನೀವು ಹೇಳಿದಿರಿ, ಅವರು ನಿಲ್ಲಿಸಿದರು. ನಿಮ್ಮ ಕಚೇರಿಗೆ ನಾನು ಮೂರು ಸಲ ಫೋನ್ ಮಾಡಿದ್ದೆ. "ನಿಮ್ಮ ಯಜಮಾನರು ದ್ವೀಪದ ಆದರಾತಿಥ್ಯದ ಮುಖ ಆಗಿದಾರೆ, ಹೆಮ್ಮೆ ಪಡಿ" ಎಂದು ನಿಮ್ಮವರೊಬ್ಬರು ಅಭಿನಂದಿಸಿದರು. ಹೆಮ್ಮೆ! ಭಿತ್ತಿಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವನ ಭುಜದ ಹಿಂದೆ ಒಂದು ಹಳೆಯ ಕಾರಿದೆ. ಕಿಟಕಿಯಲ್ಲಿ ಮಸುಕಾಗಿ ಕಾಣುವ ಬಿಳಿಯ ಮುಖ ನನ್ನದು. ಮಗಳು ಮಲಗಿದ್ದಳಲ್ಲ, ಚಿತ್ರದಲ್ಲಿ ಬಂದಿಲ್ಲ.

ಕಾರುಗಳು ಬರಲೇಬಾರದೆಂದು ನಾನು ಕೇಳುತ್ತಿಲ್ಲ. ಬರಲಿ, ನೋಡಲಿ, ನಮ್ಮ ಅಂಗಡಿಗಳೂ ಬದುಕಬೇಕು. ಆದರೆ ಆ ಚಿತ್ರ ತೆಗೆಸಿ. ದಾರಿ ಬಿಡುವ ಜಾಗಗಳನ್ನು ನಿಮ್ಮ ನಕ್ಷೆಯಿಂದ ಅಳಿಸಿ, ಅಲ್ಲಿ ನಿಲ್ಲಿಸಬಾರದೆಂದು ದೊಡ್ಡದಾಗಿ ಬರೆಸಿ. ಹಡಗಿನಿಂದ ಇಳಿಯುವ ಪ್ರತಿ ಕಾರಿಗೂ ಅದನ್ನು ಬಾಯಿಬಿಟ್ಟು ಹೇಳಲು ಕಟ್ಟೆಯಲ್ಲಿ ಒಬ್ಬರನ್ನು ನಿಲ್ಲಿಸಿ. ಜುಲೈ ಮುಗಿಯುವುದರೊಳಗೆ ಮಾಡಿ. ಕಾಲಿಗೆ ಬೀಳಬೇಕೆಂದರೆ ಬೀಳುತ್ತೇನೆ.

ನಮ್ಮ ಕೈಲಾದದ್ದನ್ನು ನಾವೂ ಮಾಡುತ್ತಿದ್ದೇವೆ. ಮೊನ್ನೆ ಊಟದ ಹೊತ್ತಿನಲ್ಲಿ ಊನಾ ಅಪ್ಪನ ಮುಖ ನೋಡದೆ, "ಈ ಸಲ ಹಾರ್ನ್ ಹೊಡಿ ಅಪ್ಪಾ" ಎಂದಳು. ಅವನು ಚಮಚ ಕೆಳಗಿಟ್ಟ. ಎದ್ದು ಅಂಗಳಕ್ಕೆ ಹೋಗಿ ಕಾರಿನಲ್ಲಿ ಕೂತು ಒತ್ತಿದ. ಸದ್ದೇ ಇಲ್ಲ. ಬಳಸದೆ ಬಳಸದೆ ತುಕ್ಕು ಹಿಡಿದುಹೋಗಿತ್ತು. ನಿನ್ನೆಯೆಲ್ಲ ಕೂತು ರಿಪೇರಿ ಮಾಡಿ ಸಂಜೆ ಒಂದು ಸಲ ಒತ್ತಿದ. ನಮ್ಮ ನಾಯಿ ಹೆದರಿ ಹುಲ್ಲಿನ ಕೊಟ್ಟಿಗೆಗೆ ಓಡಿತು. ಆಚೆ ಮನೆಯ ಪೆಗಿ ಹಿಟ್ಟಿನ ಕೈಯಲ್ಲೇ ಬೇಲಿ ದಾಟಿ ಬಂದು "ಯಾರು ತೀರಿಹೋದ್ರು? ಲಾಕ್ಲನ್, ಯಾರು ಹೋದ್ರೋ?" ಎಂದು ಕೂಗಿದಳು.

"ಯಾರೂ ಇಲ್ಲ ಪೆಗಿ" ಎಂದ ನನ್ನ ಗಂಡ. "ಇನ್ನೂ ಯಾರೂ ಇಲ್ಲ."

ಇಂತಿ,
ನಿಮ್ಮ ಬಹುಮಾನಿತ ಚಿತ್ರದಲ್ಲಿ ನಗದೆ ಕೂತಿರುವ
ಓಯ್ರಿಕ್, ಲಾಕ್ಲನ್‌ನ ಹೆಂಡತಿ, ಊನಾಳ ತಾಯಿ