‘ಸ್ವಇಚ್ಛೆಯಿಂದ’ ಎಂದು ಬರೆದವಳು ನಾನು

ಪ್ರೀತಿಯ ಅಕ್ಕೋರೆ,

ನೀವು ತೀರಿಹೋದ ಮೇಲೆ ಎರಡು ಸಲ ಬರೆಯಲು ಕುಳಿತು ಎದ್ದುಬಿಟ್ಟೆ. ನಿಮಗೆ ಪಾಠ ಒಪ್ಪಿಸುವಾಗ ಸುಳ್ಳು ಹೇಳಿ ಗೊತ್ತಿಲ್ಲ ನನಗೆ. ಈಗ ನಿಜ ಹೇಳುವುದೂ ಸುಲಭವಾಗಿಲ್ಲ.

ಗುಡ್ನಾಪುರದಿಂದ ಅಪ್ಪ ನನ್ನನ್ನು ಶಿರಸಿಯ ನಿಮ್ಮ ಮನೆಗೆ ತಂದು ಬಿಟ್ಟ ದಿನ ನೆನಪಿದೆಯೇ? “ಹೈಸ್ಕೂಲ್ ಮುಗಿಯೂತನಾ ಇಟ್ಕೊಳ್ರಿ ಅಕ್ಕೋರ” ಎಂದು ಹೇಳಿ, ತಿರುಗಿಯೂ ನೋಡದೆ ಅವನು ಬಸ್ಸಿಗೆ ಹೋದ. ನಾನು ಜಗುಲಿಯ ಮೇಲೆ ಅಳುತ್ತಾ ಕುಳಿತಿದ್ದೆ. ನೀವು ಬಂದು ನಿಮ್ಮ ಮನೆಮಾತಿನಲ್ಲೇ ಅಂದಿರಿ, “ಅಳಡ ಕೂಸೆ. ಇದು ನಿನ್ನ ಮನೆ ಹೇಳಿ ತಿಳ್ಕ.” ಮೂರು ವರ್ಷ ಹಾಗೆಯೇ ಇದ್ದೆ.

ಕಡೆಗಾಲದಲ್ಲಿ ಆ ಮನೆಯನ್ನು ಟ್ರಸ್ಟಿಗೆ ಬರೆದಿರಿ. ದೂರದ ಊರುಗಳ ಹೆಣ್ಣುಮಕ್ಕಳು ಓದು ಮುಗಿಯುವವರೆಗೆ ಅಲ್ಲಿ ಇರತಕ್ಕದ್ದು ಎಂದು ಪತ್ರದಲ್ಲಿ ಹಾಕಿಸಿದಿರಿ. ನಾಲ್ವರು ಟ್ರಸ್ಟಿಗಳಲ್ಲಿ ಆ ಮನೆಯಲ್ಲಿ ಇದ್ದು ಓದಿದವಳು ನಾನೊಬ್ಬಳೇ. ಅದಕ್ಕೇ ಅಲ್ಲವೇ ನನ್ನನ್ನು ಸೇರಿಸಿದ್ದು?

ನೀವು ಹೋಗಿ ವರ್ಷವಾಗಿರಲಿಲ್ಲ. ಒಂದು ಸಭೆಯಲ್ಲಿ ಅಧ್ಯಕ್ಷರು, “ಆರು ಹುಡ್ಗೀರಿಗೋಸ್ಕರ ಇಷ್ಟು ದೊಡ್ಡ ಮನೆ ಎಂತಕ್ಕೆ? ಬಾಡಿಗೆಗೆ ಕೊಡೋಣ. ಬಂದದ್ರಲ್ಲಿ ಇನ್ನೂ ಹೆಚ್ಚು ಮಕ್ಕಳಿಗೆ ಸಹಾಯ ಮಾಡ್ಬಹುದು” ಎಂದರು. ಕೇಳಲು ಸರಿಯಾಗಿಯೇ ಇತ್ತು. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ಗ್ಯಾಸ್ ಮುಗಿದರೆ ನನಗೆ ಫೋನು, ಒಬ್ಬಳಿಗೆ ಜ್ವರ ಬಂದರೆ ನನಗೆ ಫೋನು. ನನಗೆ ಸಾಕಾಗಿತ್ತು ಅಕ್ಕೋರೆ. ನಿಮಗೆ ಯಾವತ್ತಾದರೂ ಹಾಗೆ ಸಾಕಾಗಿತ್ತೇ?

ಹುಡುಗಿಯರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಗೆ ಇನ್ನು ಐದು ವಾರ. ಮತ್ತಿಘಟ್ಟದಿಂದಾಚೆ ಬಸ್ಸು ಹೋಗದ ಕೇರಿಯ ನಾಗವೇಣಿ ಆಗ ಹತ್ತನೇ ತರಗತಿ. “ಅಕ್ಕಾ, ಪರೀಕ್ಷೆ ಮುಗ್ದ ಮೇಲೆ ಹೋಗ್ತೇವೆ” ಎಂದಳು. ಬಾಡಿಗೆಗೆ ಬರುವವರು ಕಾಯುವುದಿಲ್ಲ ಎಂದೆ. ಅವಳು ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನು ತೆಗೆದು ಹಾಗೆಯೇ ಚೀಲಕ್ಕೆ ತುಂಬಿದಳು. ಒಣಗಲಿ ಎಂದಾದರೂ ನಾನು ಹೇಳಬಹುದಿತ್ತು...

ಆ ಸಂಜೆಯೇ ಟ್ರಸ್ಟಿನ ನಡಾವಳಿ ಪುಸ್ತಕದಲ್ಲಿ, ‘ವಿದ್ಯಾರ್ಥಿನಿಯರು ಸ್ವಇಚ್ಛೆಯಿಂದ ಮನೆ ತೆರವು ಮಾಡಿದ್ದಾರೆ’ ಎಂದು ಬರೆದೆ. ನೀವು ತಿದ್ದಿ ತಿದ್ದಿ ದುಂಡಗೆ ಮಾಡಿದ ಅಕ್ಷರ.

ನಾಗವೇಣಿ ಪರೀಕ್ಷೆಗೆ ಕೂರಲಿಲ್ಲ. ಅವಳ ತಾಯಿ ಮಾದೇವಿ, ಇನ್ನೊಬ್ಬ ಹುಡುಗಿಯ ತಾಯಿಯನ್ನು ಜೊತೆಗೆ ಕರೆದುಕೊಂಡು ವಕೀಲರ ಬಳಿ ಹೋದಳು. ಇಬ್ಬರೂ ಸೇರಿ ಟ್ರಸ್ಟಿಗಳ ಮೇಲೆ ದಾವೆ ಹಾಕಿದರು. ಗದ್ದೆ ಕೆಲಸ ಬಿಟ್ಟು ಪ್ರತಿ ತಾರೀಕಿಗೂ ಬಂದು ಕೋರ್ಟಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾವು ಅದೇ ನಡಾವಳಿಯನ್ನು ತೋರಿಸಿದೆವು. ನಮ್ಮ ಉತ್ತರಕ್ಕೆ ನಾನೂ ಸಹಿ ಹಾಕಿದೆ. ಒಂದು ಸುಳ್ಳು ಎರಡಾಯಿತು.

ನ್ಯಾಯಾಧೀಶರು ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಿದರು. ಚಿಕ್ಕ ಕೋಣೆ, ಒಂದೇ ಮೇಜು. ಮಧ್ಯಸ್ಥಿಕೆಗೆ ಕುಳಿತ ವಕೀಲೆ, ತಾಯಿಯ ಪಕ್ಕದಲ್ಲಿದ್ದ ನಾಗವೇಣಿಯನ್ನು ಕೇಳಿದರು, “ನೀವಾಗೇ ಹೋದ್ರಾ ತಂಗಿ?”

ಅವಳು ನನ್ನನ್ನು ನೋಡಿದಳು. “ಅಕ್ಕಂಗೇ ಕೇಳಿ. ಅವ್ರೇ ಬರ್ದದ್ದಲ್ವಾ?”

ನಮ್ಮ ವಕೀಲರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು, “ಅವರಾಗಿ ಹೋಗಲಿಲ್ಲ. ನಾನು ಹೊರಗೆ ಹಾಕಿದೆ. ಬರೆದದ್ದು ಸುಳ್ಳು” ಎಂದುಬಿಟ್ಟೆ. ಅಧ್ಯಕ್ಷರು ಎದ್ದು ಹೊರಗೆ ಹೋದರು. ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟು ಮಾತಿಗೆ ಒಂದ್ ವರ್ಷ ಬೇಕಾಯ್ತಾ ನಿಮಗೆ?” ಎಂದಳು.

ಮುಂದೆ ನಾಲ್ಕು ಸಲ ಕುಳಿತೆವು. ಕಡೆಗೆ ಅಧ್ಯಕ್ಷರೂ ಒಪ್ಪಿದರು. ಬಾಡಿಗೆ ಕರಾರು ರದ್ದಾಗಬೇಕು, ಮನೆ ಹುಡುಗಿಯರಿಗೇ ಇರಬೇಕು, ತಾಯಂದಿರಲ್ಲಿ ಒಬ್ಬರು ಟ್ರಸ್ಟಿಯಾಗಬೇಕು. ನ್ಯಾಯಾಧೀಶರು ರಾಜಿಪತ್ರ ಓದಿ, ಒಪ್ಪಿ, ಡಿಕ್ರಿ ಮಾಡಿದರು. ನಾನು ರಾಜೀನಾಮೆ ಕೊಟ್ಟೆ. ನೀವು ಕೂರಿಸಿದ ಜಾಗದಲ್ಲಿ ಈಗ ಮಾದೇವಿ ಕೂರುತ್ತಾಳೆ. ನಡಾವಳಿಯನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕುತ್ತಾಳಂತೆ.

ಜೂನಿನಲ್ಲಿ ಮನೆ ತೆರೆಯಿತು. ನಾಗವೇಣಿ ಬರಲಿಲ್ಲ. ಕರೆಯಲು ಹೋದೆ. ಮೊದಲ ಸಲ ಒಳಗಿನಿಂದ ಹೊರಗೇ ಬರಲಿಲ್ಲ. ಎರಡನೇ ಸಲ ಬಾಗಿಲಲ್ಲಿ ನಿಂತು ಹೇಳಿದಳು, “ಬರ್ತೇನೆ. ನೀವು ಕರೆದ್ರಿ ಅಂತ ಅಲ್ಲ. ಆ ಮನೆ ನಮ್ದು ಅಂತ ಕೋರ್ಟು ಹೇಳಿದೆ, ಅದಕ್ಕೆ.”

ನೀವು ನನಗೆ ಹೇಳಿದ್ದನ್ನು ನಾನು ಅವಳಿಗೆ ಹೇಳಬೇಕಿತ್ತು ಅಕ್ಕೋರೆ. ಹೇಳಲಿಲ್ಲ. ಅವಳು ಕೋರ್ಟಿನಿಂದ ಕೇಳಿಸಿಕೊಳ್ಳಬೇಕಾಯಿತು.

ನಾಗವೇಣಿ ಬಂದು, ಮತ್ತೆ ಓದಿ, ಈ ವರ್ಷ ಹತ್ತನೇ ತರಗತಿ ಪಾಸಾಗಿದ್ದಾಳೆ. ಪ್ರಥಮ ದರ್ಜೆ. ಶಾಲೆಯ ಫಲಕದಲ್ಲಿ ಹೆಸರು ನೋಡಿ ನನಗೆ ಗೊತ್ತಾಯಿತು. ಅವಳು ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ನಿಮಗೆ ಹೇಳಬೇಕಿತ್ತು. ಅದಕ್ಕೇ ಈ ಸಲ ಏಳದೆ ಕುಳಿತು ಬರೆದೆ.

ನಿಮ್ಮ
ಸುಮಂಗಲಾ